ಅಳಿವೆ ತೆರೆಯಿತು, ಸರೋವರ ಉಳಿಯಿತು

ನಮ್ಮ ಚಂದ್ರಗಿರಿ ಹೊಳೆಯ ಅಳಿವೆಯನ್ನು ಕಂಡ ಮಕ್ಕಳಿಗೆ ಒಂದು ಸಂಗತಿ ತಿಳಿದಿರುವುದು. ಉಬ್ಬರದ ಹೊತ್ತಿಗೆ ಕಡಲ ನೀರು ಹೊಳೆಯೊಳಕ್ಕೆ ಏರಿ ಬರುತ್ತದೆ. ಇಳಿತದಲ್ಲಿ ಹಿಂದಕ್ಕೆ ಸರಿಯುತ್ತದೆ. ಈ ಹೋಗಿಬರುವಿಕೆಯೇ ಕರಾವಳಿಯ ಹಿನ್ನೀರುಗಳಿಗೆ ಉಸಿರು. ಉಸಿರು ಕಟ್ಟಿದರೆ ಏನಾಗುವುದೆಂಬುದಕ್ಕೆ ಒಡಿಶಾ ರಾಜ್ಯದ ಚಿಲಿಕಾ ಸರೋವರವೇ ನಿದರ್ಶನ.

ಚಿಲಿಕೆಗೆ ಒಂದು ಕಡೆಯಿಂದ ಮಹಾನದಿಯ ಕವಲುಗಳು ಸಿಹಿನೀರನ್ನೂ ಹೂಳನ್ನೂ ತರುತ್ತವೆ. ಇನ್ನೊಂದು ಕಡೆಯಿಂದ ಬಂಗಾಳ ಕೊಲ್ಲಿಯ ಉಪ್ಪುನೀರು ಬರುತ್ತದೆ. ಇವೆರಡರ ಹದವಾದ ಬೆರಕೆಯಲ್ಲಿ ಮೀನು, ಸಿಗಡಿ, ಏಡಿಗಳು ಬೆಳೆಯುತ್ತವೆ. ಆದರೆ ಕಡಲ ಅಲೆಗಳು ದಡದುದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತವೆ. ಆ ಮರಳು ದಿಬ್ಬವಾಗಿ ಬೆಳೆದು, ಅಳಿವೆಯನ್ನು ವರ್ಷದಿಂದ ವರ್ಷಕ್ಕೆ ದೂರ ತಳ್ಳಿತು. ಉದ್ದವಾದ ಕಾಲುವೆಯಲ್ಲಿ ಹೂಳು ತುಂಬಿತು. ಉಬ್ಬರದ ಬಲ ಸರೋವರವನ್ನು ಮುಟ್ಟುವ ಮೊದಲೇ ಕುಗ್ಗಿತು. ಉಪ್ಪಿನ ಅಂಶ ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು, ಮೀನಿನ ಮರಿಗಳು ಒಳಬರುವ ದಾರಿ ಮುಚ್ಚಿತು. ದಡದ ಬೆಸ್ತರ ಬಲೆಗಳು ಬರಿದಾದವು. ವಿಶ್ವದ ಮಹತ್ತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ 1981ರಲ್ಲೇ ಸೇರಿದ್ದ ಈ ಸರೋವರವನ್ನು 1993ರಲ್ಲಿ ಅಪಾಯಕ್ಕೊಳಗಾದವುಗಳ ಸಾಲಿಗೆ ಸೇರಿಸಬೇಕಾಯಿತು.

ಕಳೆಯನ್ನು ಕಿತ್ತರೆ ಸಾಕೆಂದು ಯಾರಿಗಾದರೂ ತೋರಬಹುದು. ಆದರೆ ಕಳೆಯು ರೋಗವಲ್ಲ, ರೋಗದ ಲಕ್ಷಣ. ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ತಜ್ಞರು ಮಾದರಿಗಳನ್ನು ರಚಿಸಿ ನೀರಿನ ನಡೆಯನ್ನು ಪರೀಕ್ಷಿಸಿದರು. 2000ದ ಸೆಪ್ಟೆಂಬರ್ 23ರಂದು ಮರಳುದಿಬ್ಬವನ್ನು ಕಡಿದು ಹೊಸ ಅಳಿವೆಯನ್ನು ತೆರೆಯಲಾಯಿತು. ಕಡಲಿಗೆ ಹೋಗುವ ದಾರಿ ಸುಮಾರು 18 ಕಿಲೋಮೀಟರಿನಷ್ಟು ಮೊಟಕಾಯಿತು. ಉಬ್ಬರವಿಳಿತ ಮರಳಿತು, ಉಪ್ಪು ಏರಿತು, ಕಳೆ ಹಿಮ್ಮೆಟ್ಟಿತು. ವರ್ಷಕ್ಕೆ 2,000 ಟನ್ನಿಗೂ ಕಡಿಮೆಯಾಗಿದ್ದ ಮೀನು-ಸಿಗಡಿಗಳ ಇಳುವರಿಯು 2001-02ರ ಹೊತ್ತಿಗೆ 12,000 ಟನ್ನಿನ ಸಮೀಪಕ್ಕೆ ಬಂದಿತು. 2002ರಲ್ಲಿ ಚಿಲಿಕೆಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂದಿತು.

ಆದರೂ ಒಮ್ಮೆ ತೆರೆದ ಅಳಿವೆ ಸ್ಥಿರವೆಂದು ಭಾವಿಸಲಾಗದು. ಅಲೆಗಳು ಮರಳನ್ನು ಹೊರುವುದನ್ನು ನಿಲ್ಲಿಸುವುದಿಲ್ಲ. ಆದುದರಿಂದ ಮನುಷ್ಯನೂ ಅಳೆಯುವುದನ್ನು, ಕಾಯುವುದನ್ನು ನಿಲ್ಲಿಸುವಂತಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಊರಿನ ತೋಡುಗಳೂ ಹೊಳೆ ಸೇರಿ ಕಡಲನ್ನೇ ಮುಟ್ಟುತ್ತವೆ. ಅವುಗಳಲ್ಲಿ ಕಸ ಸುರಿದು ನೀರಿನ ದಾರಿ ಕಟ್ಟುವುದು ಸುಲಭ; ತೆರೆಯುವುದು ಕಷ್ಟ. ಪಾಲಕರೂ ನಾವೂ ಇದನ್ನು ಮನಗಂಡು ನಡೆದರೆ ಮಕ್ಕಳಿಗೆ ಬೇರೆ ಪಾಠ ಬೇಕಾಗದು.