ನೀರಿನ ನೀಲಿ ಮತ್ತು ಮಗುವಿನ ಪ್ರಶ್ನೆ



ನಂಜನಗೂಡನ್ನು ತೊಳೆದು ಹರಿಯುವ ಕಪಿಲೆ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಯ ಸಂಗಮದ ಮೆಟ್ಟಿಲ ಮೇಲೆ ಒಬ್ಬ ಹುಡುಗ ನನ್ನನ್ನು ಕೇಳಿದ: "ಫಾದರ್, ಕೈಯಲ್ಲಿ ಹಿಡಿದರೆ ನೀರಿಗೆ ಬಣ್ಣ ಇಲ್ಲ. ಅಲ್ಲಿ ಯಾಕೆ ನೀಲಿ?" ತಾಯಿ ಗದರಿದರು: "ಸುಮ್ನಿರೋ, ಫಾದರ್ ಹತ್ರ ಹಂಗೆಲ್ಲಾ ಕೇಳ್ಬಾರ್ದು!" ನಾನೂ, "ಆಕಾಶದ ನೆರಳು ಕಣಪ್ಪ" ಎಂದು ಹೇಳಿ ಮುಗಿಸಿಬಿಟ್ಟೆ.

ನದಿಯ ಮಟ್ಟಿಗೆ ಆ ಉತ್ತರ ಬಹುಪಾಲು ಸರಿಯೇ. ಆದರೆ ಆಳವಾದ ಸಮುದ್ರಕ್ಕೆ? ಅದಕ್ಕೂ ಇದೇ ಉತ್ತರವೆಂದು ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಲಾರ್ಡ್ ರೇಲೀ ನಂಬಿದ್ದರು. 1921ರಲ್ಲಿ ಹಡಗಿನಲ್ಲಿ ಭಾರತಕ್ಕೆ ಮರಳುತ್ತಿದ್ದ ಸಿ.ವಿ. ರಾಮನ್ ಮಾತ್ರ ಅಷ್ಟಕ್ಕೇ ಸುಮ್ಮನಾಗಲಿಲ್ಲ. ನಿಕಲ್ ಪ್ರಿಸಂ ಎಂಬ ಪುಟ್ಟ ಉಪಕರಣದಿಂದ ಆಕಾಶದ ಪ್ರತಿಫಲನವನ್ನು ತಡೆದು ಮೆಡಿಟರೇನಿಯನ್ ಸಮುದ್ರವನ್ನು ನೋಡಿದರು. ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ.

ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಅವರೊಡನೆ ರಾಮನ್ ದ್ರವಗಳ ಮೂಲಕ ಒಂದೇ ಬಣ್ಣದ ಬೆಳಕನ್ನು ಹಾಯಿಸಿ ಪರೀಕ್ಷಿಸಿದರು. ಹೊರಬಂದ ಬೆಳಕಿನ ಒಂದು ಅತಿ ಸಣ್ಣ ಅಂಶದ ಬಣ್ಣ ಬದಲಾಗಿತ್ತು! ಈ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ರೀತಿ, ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ. 1928ರ ಫೆಬ್ರವರಿ 28ರಂದು ಕಂಡ ಈ 'ರಾಮನ್ ಪರಿಣಾಮ'ವನ್ನು ಅವರು ಮಾರ್ಚ್ 16ರಂದು ನಮ್ಮ ಬೆಂಗಳೂರಿನ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಬೆಂಗಳೂರಿಗೇ ಬಂದು ನೆಲೆಸಿದ ರಾಮನ್, 1970ರಲ್ಲಿ ಇಲ್ಲಿಯೇ ತೀರಿಕೊಂಡರು. ಇಂದು ಸೀಸೆಯ ಮುಚ್ಚಳ ತೆರೆಯದೆಯೇ ಒಳಗಿನ ಔಷಧ ಯಾವುದೆಂದು ಗುರುತಿಸಲು ಇದೇ ಬೆಳಕು ನೆರವಾಗುತ್ತದೆ.

ಈ ಕಥೆಯಲ್ಲಿ ಒಬ್ಬ ಗುರುಗಳೂ ಇದ್ದಾರೆ. ರಾಮನ್ ದುಡಿದ ಕಲ್ಕತ್ತೆಯ ವಿಜ್ಞಾನ ಸಂಸ್ಥೆಯನ್ನು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದಾಗ, ಬೆಲ್ಜಿಯಂನಿಂದ ಬಂದಿದ್ದ ಯೇಸುಸಭೆಯ ಗುರು ಯೂಜೀನ್ ಲಾಫೋಂ ಅವರಿಗೆ ಹೆಗಲು ಕೊಟ್ಟರು. ಅಲ್ಲಿ ಜನರಿಗೆ ಪ್ರಯೋಗಗಳನ್ನು ತೋರಿಸಿ ಉಪನ್ಯಾಸ ನೀಡಿದರು. ಜಗದೀಶಚಂದ್ರ ಬೋಸರೂ ಅವರ ಶಿಷ್ಯರೇ. ಸೃಷ್ಟಿಯನ್ನು ಪ್ರಶ್ನಿಸಿ ಅರಿಯುವುದು ಸೃಷ್ಟಿಕರ್ತನಿಗೆ ಅಗೌರವವೆಂದು ಆ ಗುರುಗಳು ಎಂದೂ ಭಾವಿಸಲಿಲ್ಲ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಮಕ್ಕಳನ್ನು ಹೊಳೆಯ ಬಳಿಗೆ ಕರೆದೊಯ್ಯಿರಿ. ಅವರು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲಪ್ಪ, ಬಾ ಹುಡುಕೋಣ" ಎನ್ನಿ. "ಸುಮ್ನಿರು" ಎನ್ನಬೇಡಿ. ಸಂಗಮದ ಆ ಹುಡುಗನಿಗೆ ನಾನೂ ಉಳಿದರ್ಧ ಉತ್ತರ ಹೇಳಬೇಕಾಗಿದೆ.