ಮುಂಗಾರಿನಿಂದ ದಸರೆಯವರೆಗೆ ಒಂದನೆಯ ತರಗತಿ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಬಂದ ಯಾತ್ರಿಕನು ಸಂಗಮನಾಥನ ದರ್ಶನ ಮಾಡಿ, ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಬಾವಿಯಾಕಾರದ ಗೋಡೆಯ ರಕ್ಷಣೆಯಲ್ಲಿ ಉಳಿದಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಇಳಿದು, ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಜಾತವೇದಮುನಿಗಳ ಗುರುಕುಲವಿತ್ತೆಂದೂ, ಬಾಗೇವಾಡಿಯಿಂದ ಬಂದ ಬಾಲಕನು ಅಲ್ಲಿಯೇ ವಿದ್ಯಾರ್ಜನೆ ಮಾಡಿದನೆಂದೂ ಕೇಳಿ, ಕೈಮುಗಿದು ಹಿಂದಿರುಗುವುದು ವಾಡಿಕೆ. ಆ ಪುರಾತನ ವಿದ್ಯಾಭ್ಯಾಸದ ವಿಷಯದಲ್ಲಿ ತೋರುವ ಭಕ್ತಿಯ ಒಂದಂಶವನ್ನಾದರೂ ಅದೇ ಹುನಗುಂದ ಸೀಮೆಯ ಊರೂರಿನ ಸರ್ಕಾರಿ ಶಾಲೆಗಳಲ್ಲಿ ಪ್ರತಿವರ್ಷ ಮುಂಗಾರಿನೊಡನೆ ಆರಂಭವಾಗುವ ವಿದ್ಯಾಭ್ಯಾಸದ ಕಡೆಗೆ ನಾವು ತಿರುಗಿಸಿದ್ದರೆ, ಒಂದನೆಯ ತರಗತಿಯ ಮೊದಲ ನಾಲ್ಕು ತಿಂಗಳುಗಳಲ್ಲಿ ಏನು ನಡೆಯುತ್ತದೆಂಬುದು ನಮಗೆ ಇಷ್ಟೊಂದು ಅಪರಿಚಿತವಾಗಿ ಉಳಿಯುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ಶಾಲೆಯ ಬಾಗಿಲು ತೆರೆದು, ತಳಿರುತೋರಣ ಕಟ್ಟಿ, ಪ್ರಾರಂಭೋತ್ಸವದ ಸಿಹಿಯನ್ನು ಹಂಚಿದ ಮೇಲೆ, ಅಕ್ಕೋರ, ಅಂದರೆ ಶಿಕ್ಷಕಿಯ, ಎದುರಿಗೆ ಕುಳಿತುಕೊಳ್ಳುವ ಮಗುವಿಗೆ ಆರು ವರ್ಷ. ಅದಕ್ಕೆ ಅಕ್ಷರ ಬಾರದಿರಬಹುದು. ಆದರೆ ಅದು ಬರಿಗೈಯಲ್ಲಿ ಬಂದದ್ದಲ್ಲ. ಕರುವನ್ನು ಯಾವಾಗ ಬಿಡಬೇಕು, ಯಾವ ಮೋಡ ಸುರಿಯುವುದು, ಯಾವುದು ಬರಿದೆ ಗುಡುಗುವುದು ಎಂಬುದನ್ನು ಅದು ಬಲ್ಲದು. ಇಳಕಲ್ಲಿನ ನೇಕಾರರ ಮನೆಯ ಮಗುವಾದರೆ, ಸೀರೆಯ ಸೆರಗಿನ ಟೋಪ ತೆನಿಯೆಂಬ ವಿನ್ಯಾಸದಲ್ಲಿ ಕೆಂಪು ಬಿಳಿಗಳು ಒಂದಾದ ಮೇಲೊಂದು ಹೇಗೆ ಮರಳಿ ಬರುತ್ತವೆಂಬುದನ್ನು ಮಗ್ಗದ ಬದಿಯಲ್ಲಿ ಆಡುತ್ತಲೇ ಕಂಡುಕೊಂಡಿರುತ್ತದೆ. ವಿನ್ಯಾಸದ ಈ ಪುನರಾವೃತ್ತಿಯನ್ನು ಗುರುತಿಸುವುದೇ ಗಣಿತದ ಆದಿಪಾಠಗಳಲ್ಲೊಂದೆಂದು ಶಿಕ್ಷಣವೇತ್ತರು ಹೇಳುತ್ತಾರೆ.

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಸೀಮೆಯ ಮಕ್ಕಳು ಒಂದನೆಯ ತರಗತಿಗೂ ಮುಂಚಿನ ವರ್ಗವಾದ ಬಿನ್ನೆತ್ತಿಯಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದಲೂ ಪಾಟಿಯ ಮೇಲೆ ಬಳಪದಿಂದಲೂ ಅಕ್ಷರ ತಿದ್ದುತ್ತಿದ್ದರು. ಮರಾಠಿಯೇ ಮೆರೆಯುತ್ತಿದ್ದ ಆ ಪ್ರಾಂತದಲ್ಲಿ ಕನ್ನಡ ಶಾಲೆಗಳನ್ನು ಊರ್ಜಿತಗೊಳಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರು ಪಟ್ಟ ಶ್ರಮವನ್ನು ಇಲ್ಲಿ ಸ್ಮರಿಸಿ ಮುಂದುವರಿಯೋಣ. ಅಂದಿನ ಕ್ರಮವು ಸರಳವಾಗಿತ್ತು, ಕಠಿನವೂ ಆಗಿತ್ತು: ಅಕಾರದಿಂದ ಳಕಾರದವರೆಗೆ ನಲವತ್ತೊಂಬತ್ತು ವರ್ಣಗಳು, ಅವುಗಳ ಬೆನ್ನಿಗೆ ನಾನೂರಕ್ಕೂ ಹೆಚ್ಚು ರೂಪಗಳ ಕಾಗುಣಿತ, ಅದೂ ಮುಗಿದ ಬಳಿಕವೇ ಮೊದಲ ಶಬ್ದ.

ಈಗಿನ ಕ್ರಮವು ಬೇರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲೆಯ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ತಮ್ಮ ಶಾಲೆಗಳಲ್ಲಿ ಒಂದು ಹೊಸ ಪದ್ಧತಿಯನ್ನು ಪ್ರಯೋಗಿಸಿದರು. ನಲಿ-ಕಲಿ ಎಂದು ಹೆಸರಾದ ಅದು 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮೇಲಿನ ಅಧಿಕಾರಿಗಳಿಂದ ಇಳಿದು ಬಂದ ಆಜ್ಞೆಯಾಗಿ ಅಲ್ಲದೆ, ಹಳ್ಳಿಯ ಮೇಷ್ಟರುಗಳ ಅನುಭವದಿಂದ ಮೇಲಕ್ಕೇರಿದ ಸುಧಾರಣೆಯೆಂಬುದರಿಂದಲೇ ನನಗೆ ಅದರಲ್ಲಿ ವಿಶೇಷ ಗೌರವ.

ಆ ತರಗತಿಯೊಳಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಬೆಂಚುಗಳ ಸಾಲಲ್ಲ, ನೆಲದ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತ ಮಕ್ಕಳು. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ. ಮತ್ತೊಂದರಲ್ಲಿ ಜೊತೆಯ ಮಕ್ಕಳೇ ಗುರುಗಳು. ಕೊನೆಯದರಲ್ಲಿ ತಮ್ಮಷ್ಟಕ್ಕೆ ತಾವೇ ಕಲಿಯುವವರು. ಗೋಡೆಯ ಮೇಲೆ ಕಲಿಕೆಯ ಏಣಿ; ಅದರ ಒಂದೊಂದು ಮೆಟ್ಟಿಲಿಗೂ ಚಿತ್ರಚಿಹ್ನೆಯುಳ್ಳ ಒಂದೊಂದು ಕಾರ್ಡು. ಓದು ಬಾರದ ಮಗುವೂ ಚಿತ್ರವನ್ನು ನೋಡಿಯೇ ತಾನು ಎಲ್ಲಿದ್ದೇನೆ, ಮುಂದೆ ಯಾವ ಕಾರ್ಡನ್ನು ತೆಗೆದುಕೊಳ್ಳಬೇಕು ಎಂದು ಅರಿಯುತ್ತದೆ. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ. ತಲೆಯ ಮೇಲೆ ದಾರಗಳನ್ನೆಳೆದು ಕಟ್ಟಿದ ಚಪ್ಪರದಲ್ಲಿ ಅವರು ಬರೆದ ಚಿತ್ರಗಳ ತೂಗಾಟ. ವಾರಗಟ್ಟಲೆ ಬಾರದಿದ್ದ ಮಗುವು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಏರಬಹುದೆಂಬುದು ಈ ಪದ್ಧತಿಯ ದೊಡ್ಡ ಗುಣ. ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಸಂಸಾರಸಮೇತ ಹೋಗಿಬರುವವರು ಬಹಳವಿರುವ ಈ ಬಾಗಲಕೋಟೆ ಜಿಲ್ಲೆಯಲ್ಲಿ ಆ ಗುಣದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಅಕ್ಷರವೆಲ್ಲಿ? ಜುಲೈ ಬಂದರೂ ಮಗನ ಪಾಟಿಯಲ್ಲಿ ಅ ಆ ಇ ಈ ಮೂಡಲಿಲ್ಲವೆಂದು ತಂದೆಯಾದವನು ಚಿಂತಿಸುವುದು ಸಹಜ. ಮೊದಲ ವಾರಗಳೆಲ್ಲ ಪೂರ್ವಸಿದ್ಧತೆಗೇ ಮೀಸಲು: ಹಾಡು, ಕಥೆ, ಮಾತು, ಗೆರೆ, ಸುತ್ತು, ಬಣ್ಣ. ಇದನ್ನು ಕಾಲಹರಣವೆಂದು ತಿಳಿಯುವವರು ಈ ಭಾಗದ ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನೆಯಬೇಕು. ಕಾರಹುಣ್ಣಿಮೆ ಕಳೆದ ಹದಿನೈದು ದಿನಕ್ಕೆ ಬರುವ ಆ ಹಬ್ಬದಲ್ಲಿ ಎರೆಮಣ್ಣನ್ನು ಹದವಾಗಿ ಕಲಸಿ, ಎತ್ತಿನ ಇಣಿಯನ್ನೂ ಕೋಡನ್ನೂ ತಿದ್ದಿ, ಕಾಳುಗಳನ್ನು ಒತ್ತಿ ಕಣ್ಣು ಮಾಡುವ ಮಗುವಿನ ಬೆರಳುಗಳು ಯಾವ ಹಿಡಿತವನ್ನೂ ಯಾವ ನಯವನ್ನೂ ಸಾಧಿಸುತ್ತವೆಯೋ ಅದೇ ಮುಂದೆ ಬಳಪವನ್ನು ಹಿಡಿಯಲು ಬೇಕಾದದ್ದು. ನಾಗರಪಂಚಮಿಯ ಜೋಕಾಲಿಯ ಹಾಡೂ ಹಾಗೆಯೇ ಕಿವಿಗೆ ಮಾತ್ರೆಗಳ ಲೆಕ್ಕವನ್ನು ಕಲಿಸುತ್ತದೆ.

ಅಕ್ಷರವು ಬಂದಾಗಲೂ ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ - ಇವು ನಲಿ-ಕಲಿಯ ಮೊದಲ ಐದು. ಬರೆಯಲು ಸುಲಭವಾದ, ದುಂಡಗಿನ, ತಮ್ಮತಮ್ಮಲ್ಲಿ ಹೋಲಿಕೆಯುಳ್ಳ ಅಕ್ಷರಗಳಿವು. ರಕಾರದ ಬುಡದಲ್ಲಿ ಒಂದು ಸೀಳು ಮೂಡಿದರೆ ದಕಾರ. ಅದಕ್ಕಿಂತ ಮಿಗಿಲಾಗಿ, ಐದೇ ಅಕ್ಷರಗಳಿಂದ ಕಾಗುಣಿತದ ಹಂಗಿಲ್ಲದೆ ಅರಸ, ಅಗಸ, ಸರ, ದರ, ಗರಗಸ ಎಂಬ ಶಬ್ದಗಳು ಹುಟ್ಟುತ್ತವೆ. ಅವಧಿಯ ಕೊನೆಗೆ ಬರುವ ಹಬ್ಬದ ಹೆಸರನ್ನೂ 'ದಸರ' ಎಂದು ಮಗು ತಾನೇ ಬರೆಯಬಲ್ಲದು. ಅರ್ಥವಿಲ್ಲದ ಐವತ್ತು ಗೆರೆಗಳನ್ನು ಕಂಠಪಾಠ ಮಾಡುವುದಕ್ಕಿಂತ ಅರ್ಥವುಳ್ಳ ಐದು ಶಬ್ದಗಳನ್ನು ಓದುವುದು ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ವರ್ಣಮಾಲೆಯ ಶಾಸ್ತ್ರೀಯ ಸೌಂದರ್ಯವನ್ನು ಮೆಚ್ಚಿಕೊಳ್ಳಲು ಮುಂದೆ ಬೇಕಾದಷ್ಟು ಕಾಲವಿದೆ.

ಮಾತಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. "ಅಕ್ಕೋರ, ನಮ್ಮ ಎಮ್ಮಿ ಕರಾ ಹಾಕೈತ್ರಿ" ಎಂದು ಹಿಗ್ಗಿನಿಂದ ಓಡಿಬಂದ ಮಗುವನ್ನು ತಡೆದು, 'ಕರು ಹಾಕಿದೆ' ಎನ್ನಬೇಕೆಂದು ತಿದ್ದುವ ಶಿಕ್ಷಕರೂ ಉಂಟು. ಎಮ್ಮೆ ಎಂಥದು, ಕರುವಿನ ಬಣ್ಣವೇನು, ಗಿಣ್ಣ ಮಾಡಿದರೇ ಎಂದು ಕೇಳುತ್ತ ಮಾತನ್ನು ಬೆಳೆಸಿ, ಗ್ರಂಥದ ನುಡಿಯನ್ನು ತಮ್ಮ ಉತ್ತರದಲ್ಲಿ ಮೆಲ್ಲನೆ ಇಟ್ಟುಕೊಡುವ ಶಿಕ್ಷಕರೂ ಉಂಟು. ಎರಡನೆಯವರ ತರಗತಿಯಲ್ಲಿ ಮಕ್ಕಳು ಬಾಯ್ಬಿಡುತ್ತಾರೆ. ಮೊದಲನೆಯವರ ತರಗತಿಯಲ್ಲಿ ಬಾಯಿ ಮುಚ್ಚುತ್ತಾರೆ. ಜನರಾಡುವ ನುಡಿಯಲ್ಲೇ ಅತ್ಯುನ್ನತ ಅನುಭಾವವನ್ನು ನುಡಿಯಬಹುದೆಂದು ವಚನಕಾರರು ತೋರಿಸಿಕೊಟ್ಟ ನೆಲದಲ್ಲಿ, ಆರು ವರ್ಷದ ಕೂಸಿಗೆ ತನ್ನ ಮನೆಯ ಮಾತಿನ ಬಗ್ಗೆ ನಾಚಿಕೆ ಹುಟ್ಟಿಸುವುದು ಅವಿವೇಕವೇ ಸರಿ.

ಮಧ್ಯಾಹ್ನದ ಬಿಸಿಯೂಟವನ್ನು ಮರೆತು ಈ ಅವಧಿಯನ್ನು ವರ್ಣಿಸಲಾಗದು. ಶರಣರ ದಾಸೋಹದ ಹೆಸರನ್ನೇ ಹೊತ್ತ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಉತ್ತರದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂಬುದು ಅದರ ನಿಯಮ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ಹಸಿದ ಮಗುವಿಗೆ ಏಣಿಯ ಮೊದಲ ಮೆಟ್ಟಿಲೂ ಎತ್ತರವೇ.

ದೋಷಗಳಿಲ್ಲವೆಂದಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಒಬ್ಬರೇ ನಡೆಸಬೇಕಾದಲ್ಲಿ ಗುಂಪುಗಳ ವ್ಯವಸ್ಥೆ ಕಾಗದದ ಮೇಲಷ್ಟೇ ಉಳಿಯುತ್ತದೆ; ಕಾರ್ಡುಗಳು ಸವೆದು ಹರಿಯುತ್ತವೆ; ಗಣತಿ, ಚುನಾವಣೆ, ತರಬೇತಿಗಳೆಂದು ಶಿಕ್ಷಕರನ್ನು ಹೊರಗೆಳೆಯುವ ಕೆಲಸಗಳಿಗೆ ಮಿತಿಯಿಲ್ಲ. ಇವು ಪದ್ಧತಿಯ ದೋಷಗಳಲ್ಲ, ಅದನ್ನು ನಡೆಸುವ ನಮ್ಮ ಔದಾಸೀನ್ಯದವು.

ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ದಸರೆಯ ಸೂಟಿ ಬಿಡುವ ಮುನ್ನ ಒಂದು ದಿನ ಕೂಲಿ ತಪ್ಪಿದರೂ ಚಿಂತೆಯಿಲ್ಲ, ತರಗತಿಗೆ ಹೋಗಿ, ಎಷ್ಟು ಅಕ್ಷರ ಬಂತೆಂದು ಕೇಳದೆ, ಮಗು ಯಾವ ಮೆಟ್ಟಿಲಿನಲ್ಲಿದೆ, ಯಾರ ಸಹಾಯದಿಂದ ಓದುತ್ತಿದೆ, ಗುಂಪಿನಲ್ಲಿ ಮಾತಾಡುತ್ತದೆಯೇ ಎಂದು ಕೇಳಿರಿ. ಸೂಟಿಯ ತರುವಾಯ ದುಡಿಯಲು ಪರಸ್ಥಳಕ್ಕೆ ಹೋಗುವವರು ಸಾಧ್ಯವಾದರೆ ಮಗುವನ್ನು ಅಜ್ಜ ಅಜ್ಜಿಯರ ಬಳಿಯಲ್ಲಿ ಬಿಟ್ಟು ಹೋಗಿರಿ. ಆಗದಿದ್ದರೆ ಹೋದ ಊರಿನ ಶಾಲೆಗೆ ಆ ವಾರವೇ ಸೇರಿಸಿರಿ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಲು 2009ರ ಶಿಕ್ಷಣ ಹಕ್ಕು ಕಾಯಿದೆಯು ಅವಕಾಶ ಕೊಡುವುದಿಲ್ಲ.