ರಟ್ಟಿನ ಒಡನಾಡಿ

ಯಂತ್ರಮಾನವನೆಂದೊಡನೆ ಉಕ್ಕಿನ ಮೈಯೂ ಲಕ್ಷಗಟ್ಟಲೆ ವೆಚ್ಚವೂ ನಮ್ಮ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಹೋಟೆಲಿನ ಹಿತ್ತಲಲ್ಲಿಯೂ ಕಚೇರಿಯ ಮೂಲೆಯಲ್ಲಿಯೂ ರಾಶಿ ಬೀಳುವ ರಟ್ಟಿನಿಂದಲೇ ಮನುಷ್ಯನಿಗೊಬ್ಬ ಒಡನಾಡಿಯನ್ನು ನಿರ್ಮಿಸಬಹುದೆಂದರೆ ವಾಚಕರು ನಂಬುವರೇ?

ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬಿನಲ್ಲಿ ಅಲೆಕ್ಸಾಂಡರ್ ರೀಬೆನ್ ಎಂಬ ವಿದ್ಯಾರ್ಥಿಯು 2010ರ ಸುಮಾರಿಗೆ ರಚಿಸಿದ ‘ಬಾಕ್ಸಿ’ ಇದಕ್ಕೆ ಸಾಕ್ಷಿ. ಮೊದಲು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ತಲೆ ಬುರುಡೆಯಂತೆ ಕಂಡು ಅಳುಕು ಹುಟ್ಟಿಸಿತಂತೆ. ರಟ್ಟಾದರೋ ಅಗ್ಗ, ಕತ್ತರಿಗೆ ಬಗ್ಗುವಂಥದು. ಕಣ್ಣುಗಳ ಅಂತರ ಸರಿಬಾರದಿದ್ದರೆ ಅದನ್ನೆಸೆದು ಮರುದಿನವೇ ಹೊಸ ಮುಖ ಮಾಡಬಹುದು. ಮೋಟಾರು, ಕ್ಯಾಮರಾಗಳಿಗೆ ಹಣ ಬೇಕೇ ಬೇಕು. ಆದರೆ ರೂಪವನ್ನು ಹತ್ತು ಸಲ ತಿದ್ದಲು ಬಡವನೂ ಹಿಂಜರಿಯಬೇಕಾಗಿಲ್ಲ.

ಈ ಪುಟ್ಟ ಬೊಂಬೆ ಕಟ್ಟಡದಲ್ಲಿ ಉರುಳುತ್ತ, ಎದುರಾದವರ ನೆರವು ಬೇಡಿತು. ಪ್ರಶ್ನೆ ಕೇಳಿ ಉತ್ತರಗಳನ್ನು ಚಿತ್ರೀಕರಿಸಿತು. ಜನರು ಅದನ್ನು ಎತ್ತಿಕೊಂಡು ನಡೆದರು. ತಮ್ಮ ಕಥೆ ಹೇಳಿಕೊಂಡರು.

ಬಲಿಷ್ಠ ಯಂತ್ರಕ್ಕೆ ನಾವು ಬೆರಗಾಗುತ್ತೇವೆ. ಕೈಲಾಗದ ರಟ್ಟಿನ ಬೊಂಬೆಗೋ ಮನಸ್ಸು ಬಿಚ್ಚುತ್ತೇವೆ. ಊರು ಬಿಟ್ಟು ಬಂದು ದುಡಿಯುವ ನಮಗೆ, ಕೇಳುವ ಕಿವಿಯ ಬೆಲೆ ತಿಳಿಯದ್ದೇನಲ್ಲ. ರಟ್ಟಿನ ಒಡನಾಡಿ ನಮ್ಮ ಮಾತನ್ನು ದಾಖಲಿಸಿಕೊಂಡೀತು, ಮರುಗಲಾರದು. ಮರುಗುವ ಕೆಲಸ ಇಂದಿಗೂ ಪಕ್ಕದ ಕೋಣೆಯವನದೇ.